ಒಂದು ಚುಕ್ಕಿಯ ಬೆಲೆ

ರೋಣದ ಫೂಫಿಯ ಮನೆಯಲ್ಲಿ ಅಜ್ಜನ ಕೈಬರಹದ ಒಂದು ಉರ್ದು ಪತ್ರವಿದೆ. ಅದರ ಫೋಟೋ ನರಗುಂದಕ್ಕೆ ಹೋಗಿ, ಅಲ್ಲಿಂದ ಗಜೇಂದ್ರಗಡದ ಚಾಚಾರಿಗೆ ತಲುಪಿ, ಕೊನೆಗೆ ನನ್ನ ಮೊಬೈಲಿಗೆ ಬಂತು. ನಡುವೆ ಒಬ್ಬರು ಸ್ಕ್ರೀನ್‌ಶಾಟ್ ತೆಗೆದಿದ್ದರು, ಇನ್ನೊಬ್ಬರು ಚಿಕ್ಕದು ಮಾಡಿದ್ದರು. ಗೆಳೆಯನೊಬ್ಬನ ಬಗ್ಗೆ ಬರೆದ ಸಾಲಿನಲ್ಲಿ ನನಗೆ ಕಂಡದ್ದು 'ಬಾರ್' ಎಂಬ ಪದ. ಅಂದರೆ ಹೊರೆ. ಅಜ್ಜ ಹೀಗೆ ಬರೆದರೇ ಎಂದು ಮನಸ್ಸು ಪಿಚ್ಚೆಂದಿತು. ಹಬ್ಬಕ್ಕೆ ಊರಿಗೆ ಹೋದಾಗ ಮೂಲ ಪತ್ರ ನೋಡಿದೆ. ಕೆಳಗೆ ಎರಡು ಚುಕ್ಕಿಗಳಿದ್ದವು. ಅದು 'ಯಾರ್', ಗೆಳೆಯ! ಫೋಟೋದಲ್ಲಿ ಎರಡು ಚುಕ್ಕಿ ಕಲೆತು ಒಂದಾಗಿದ್ದವು.

ಆ ಚುಕ್ಕಿಯನ್ನು ನುಂಗಿದ್ದು ಯಾರು?

ಉದ್ದ, ಅಗಲ ಎರಡೂ ಸಾವಿರ ಪಿಕ್ಸೆಲ್ ಇರುವ ಬಣ್ಣದ ಚಿತ್ರಕ್ಕೆ ಸುಮಾರು 30 ಲಕ್ಷ ಬೈಟ್ ಬೇಕು. ಹಳೆಯ ಟೆಲಿಫೋನ್ ಮೋಡೆಮ್‌ನಲ್ಲಿ ಅದು ಇಳಿಯಲು ಏಳು ನಿಮಿಷವಾದರೂ ಹಿಡಿಯುತ್ತಿತ್ತು. ಆದ್ದರಿಂದ ಚಿತ್ರವನ್ನು ಮಡಚಿ ಕಳಿಸುವ ದಾರಿ ಬೇಕಾಯಿತು. 1987ರಲ್ಲಿ ಅಮೆರಿಕದ ಕಂಪ್ಯುಸರ್ವ್ ಕಂಪನಿ 'ಜಿಫ್' ತಂದಿತು. ಮತ್ತೆ ಮತ್ತೆ ಬರುವ ವಿನ್ಯಾಸವನ್ನು ಅದು ಚಿಕ್ಕದಾಗಿ ಬರೆದಿಡುತ್ತದೆ. ಆದರೆ ಅದಕ್ಕೆ 256 ಬಣ್ಣಗಳ ಮಿತಿಯಿದೆ. ಅದರ ವಿಧಾನದ ಪೇಟೆಂಟ್ ಹೊಂದಿದ್ದ ಯೂನಿಸಿಸ್ 1994ರ ಕೊನೆಗೆ ಶುಲ್ಕ ಕೇಳತೊಡಗಿದಾಗ, ಯಾರಿಗೂ ಹಣ ಕೊಡಬೇಕಿಲ್ಲದ 'ಪಿಎನ್‌ಜಿ' 1996ರಲ್ಲಿ ಹುಟ್ಟಿತು. ಇದರಲ್ಲಿ ಒಂದು ಪಿಕ್ಸೆಲ್ಲೂ ಕಳೆಯದು.

ಫೋಟೋಗಳಿಗಾಗಿ 1992ರಲ್ಲಿ ಬಂದ 'ಜೆಪೆಗ್'ನ ಬೇರು ನಮ್ಮ ನಾಡಿನ ಮನುಷ್ಯನಲ್ಲಿದೆ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯೇ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾಸಿರ್ ಅಹ್ಮದ್ ಅಮೆರಿಕದ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. 1972ರಲ್ಲಿ ತಮ್ಮ ವಿಚಾರಕ್ಕೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವು ಕೇಳಿದರು, ಸಿಗಲಿಲ್ಲ. ಅವರು ಕೈಬಿಡಲಿಲ್ಲ. ಟಿ. ನಟರಾಜನ್, ಕೆ.ಆರ್. ರಾವ್ ಅವರೊಂದಿಗೆ 1974ರ ಜನವರಿಯಲ್ಲಿ 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್' ಎಂಬ ಲೆಕ್ಕವನ್ನು ಪ್ರಕಟಿಸಿದರು.

ಜೆಪೆಗ್ ಚಿತ್ರವನ್ನು ಎಂಟಕ್ಕೆ ಎಂಟರ ಚೌಕಗಳಾಗಿ ಒಡೆಯುತ್ತದೆ. ಪ್ರತಿ ಚೌಕದಲ್ಲಿ ಬೆಳಕು ಎಲ್ಲಿ ನಿಧಾನವಾಗಿ, ಎಲ್ಲಿ ಥಟ್ಟನೆ ಬದಲಾಗುತ್ತದೆ ಎಂಬುದನ್ನು ನಾಸಿರ್ ಅವರ ಲೆಕ್ಕ 64 ಅಂಕಿಗಳಲ್ಲಿ ಹೇಳುತ್ತದೆ. ಥಟ್ಟನೆಯ ಸಣ್ಣ ಬದಲಾವಣೆಗಳನ್ನು ನಮ್ಮ ಕಣ್ಣು ಅಷ್ಟಾಗಿ ಗಮನಿಸದು. ಹಾಗಾಗಿ ಆ ಅಂಕಿಗಳನ್ನು ಒರಟಾಗಿ ಉಜ್ಜಿ, ಹೆಚ್ಚಿನವನ್ನು ಸೊನ್ನೆ ಮಾಡಲಾಗುತ್ತದೆ. ಲೆಕ್ಕ ಏನನ್ನೂ ಕಳೆಯುವುದಿಲ್ಲ; ಕಳೆಯುವುದು ಈ ಉಜ್ಜುವಿಕೆ.

ಮದುಮಗಳ ಮುಖಕ್ಕೆ, ಎರೆಹೊಲದ ಮೇಲಿನ ಆಕಾಶಕ್ಕೆ ಇದರಿಂದ ತೊಂದರೆಯಿಲ್ಲ. ಆದರೆ ಅಕ್ಷರದ ಅಂಚೆಂದರೆ ಥಟ್ಟನೆಯ ಬದಲಾವಣೆಯೇ. ಚಿಕ್ಕದು ಮಾಡಿ ಮತ್ತೆ ಮತ್ತೆ ಉಳಿಸಿದಂತೆ ಉರ್ದುವಿನ ನುಕ್ತೆ, ಕನ್ನಡದ ಒತ್ತಕ್ಷರ ಸವೆಯುತ್ತವೆ. ನಿಕಾಹ್‌ನಾಮೆ, ಜಮೀನಿನ ಕಾಗದ, ಗೋರಿಯ ಮೇಲಿನ ಬರಹಗಳನ್ನು ಇಂದು ನಾವು ಹೀಗೆಯೇ ಕಾಪಾಡುತ್ತಿದ್ದೇವೆ ಎಂದುಕೊಂಡಿದ್ದೇವೆ! ಅಂಥವನ್ನು ಪಿಎನ್‌ಜಿಯಲ್ಲಿ ಸ್ಕ್ಯಾನ್ ಮಾಡಿ, ಫೋಟೋ ಎಂದಲ್ಲದೆ ಡಾಕ್ಯುಮೆಂಟ್ ಎಂದು ಕಳಿಸಬೇಕು. ಮೂಲ ಕಾಗದವನ್ನಂತೂ ಎಸೆಯಬಾರದು.

ಅಜ್ಜನ ಪತ್ರವನ್ನು ಹಾಗೆ ಮಾಡಿ ಚಾಚಾರಿಗೆ ಕಳಿಸಿದೆ. ಸಂಜೆ ಫೋನ್ ಮಾಡಿದರು: "ಬೇಟಾ, ನಾನೂ ಇಷ್ಟು ದಿನ ಹೊರೆ ಅಂತಲೇ ಓದಿದ್ದೆ. ಯಾರಿಗೂ ಹೇಳಿರಲಿಲ್ಲ."