ರೋಹು ಮೀನಿಗೆ ಹೊಸ ಜೀನು

ನಮ್ಮ ಕೆರೆಗಳಲ್ಲಿ ಸಾಕುವ ಕಟ್ಲ, ರೋಹು, ಮೃಗಾಲ್‌ಗಳ ತವರು ಗಂಗೆಯ ಬಯಲು. ಹರಿವ ನೀರಿನಲ್ಲಿ ಮೊಟ್ಟೆಯಿಡುವ ಈ ಮೀನುಗಳು ನಿಂತ ಕೆರೆಯಲ್ಲಿ ಮರಿ ಮಾಡುವುದಿಲ್ಲ. ಒಡಿಶಾದ ಅಂಗುಲ್‌ನಲ್ಲಿ 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ತೊಡಕನ್ನು ಬಿಡಿಸಿದರು. ಅಂದಿನಿಂದ ಮೊಟ್ಟೆ ಮತ್ತು ವೀರ್ಯ ಬೇಕಾದಾಗ ಕೈಗೆ ಸಿಗುವಂತಾಯಿತು. ಅದಿಲ್ಲದೆ ಮುಂದಿನ ಕಥೆಯೇ ಇಲ್ಲ.

ಚೀನಾದ ವೂಹಾನ್‌ನಲ್ಲಿ ಝು ಜುವೊಯಾನ್ ಮತ್ತು ಸಂಗಡಿಗರು ಗೋಲ್ಡ್ ಫಿಶ್‌ನ ಮೊಟ್ಟೆಗೆ ಮನುಷ್ಯನ ಬೆಳವಣಿಗೆ ಹಾರ್ಮೋನಿನ ಜೀನನ್ನು ಸೇರಿಸಿದ್ದು 1985ರಲ್ಲಿ ಪ್ರಕಟವಾಯಿತು. ಕೂದಲಿಗಿಂತ ಸಣ್ಣ ಗಾಜಿನ ಸೂಜಿಯಿಂದ ಒಂದೊಂದೇ ಮೊಟ್ಟೆಗೆ ಡಿಎನ್‌ಎ ಚುಚ್ಚುವ ವಿಧಾನವದು. ಇಲಿಯ ಮೊಟ್ಟೆಯಲ್ಲಿ ಕಾಣುವ ಕೋಶಕೇಂದ್ರ ಮೀನಿನಲ್ಲಿ ಕಾಣದು. ಹೊರಪೊರೆ ನೀರು ಸೋಕಿದೊಡನೆ ಗಟ್ಟಿಯಾಗುತ್ತದೆ. ಮೊದಲ ಕೋಶವಿಭಜನೆಗೆ ಮುಂಚೆಯೇ ಕೆಲಸ ಮುಗಿಯಬೇಕು. ಲಕ್ಷಗಟ್ಟಲೆ ಮೊಟ್ಟೆಯಿಡುವ ರೋಹುವಿಗೆ ಇದು ಹೊಂದುವ ಮಾತೇ?

ಮಧುರೈ ಕಾಮರಾಜ್ ವಿಶ್ವವಿದ್ಯಾಲಯದ ಟಿ.ಜೆ. ಪಾಂಡಿಯನ್ ಅವರ ತಂಡ 1991ರಲ್ಲಿ ಭಾರತದ ಮೊದಲ ಕುಲಾಂತರಿ ಮೀನನ್ನು ಪಡೆಯಿತು. ಆಗ ಬಳಸಿದ ಜೀನಿನ ತುಣುಕುಗಳು ವಿದೇಶದಿಂದ ಎರವಲು ತಂದವು. ಮುಂದೆ ತಂಡ ರೋಹುವಿನದೇ ಬೆಳವಣಿಗೆ ಹಾರ್ಮೋನಿನ ಜೀನನ್ನು ಬೇರ್ಪಡಿಸಿತು. ಮನುಷ್ಯನ ಜೀನಿರುವ ಮೀನನ್ನು ಯಾರ ತಟ್ಟೆಗೆ ಬಡಿಸಲಾದೀತು? ವಿಧಾನವೂ ಬದಲಾಯಿತು. ವೀರ್ಯವನ್ನು ಡಿಎನ್‌ಎ ದ್ರಾವಣದೊಡನೆ ಬೆರೆಸಿ ಕ್ಷಣಮಾತ್ರ ವಿದ್ಯುತ್ ಹಾಯಿಸಿದರೆ ವೀರ್ಯಾಣುವಿನ ಪೊರೆಯಲ್ಲಿ ಸಣ್ಣ ರಂಧ್ರಗಳು ತೆರೆದು ಡಿಎನ್‌ಎ ಒಳಸೇರುತ್ತದೆ. ಆಮೇಲೆ ಮೊಟ್ಟೆಗಳ ಮೇಲೆ ಸುರಿದರೆ ಸಾವಿರಾರು ಒಮ್ಮೆಗೇ ಫಲಿಸುತ್ತವೆ. 2004ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಕೆಲವು ಮೀನುಗಳು ಒಡಹುಟ್ಟಿದವಕ್ಕಿಂತ ನಾಲ್ಕೈದು ಪಟ್ಟು ಬೆಳೆದಿದ್ದವು. ಆದರೆ ಜೀನು ವರ್ಣತಂತುವಿನಲ್ಲಿ ಎಲ್ಲಿ ಕೂರುವುದೆಂಬುದು ನಮ್ಮ ಕೈಯಲ್ಲಿಲ್ಲ. ಮೈಯ ಕೆಲವೇ ಕೋಶಗಳಲ್ಲಿ ಕೂತರೆ ಮರಿಗಳಿಗೆ ದಾಟದೆಯೂ ಹೋಗಬಹುದು.

ಅಮೆರಿಕದಲ್ಲಿ 2015ರಲ್ಲಿ ಆಹಾರಕ್ಕೆ ಅನುಮತಿ ಪಡೆದ ಕುಲಾಂತರಿ ಸಾಲ್ಮನ್ ಬೆಳೆದದ್ದು ನೆಲದ ಮೇಲಿನ ತೊಟ್ಟಿಗಳಲ್ಲಿ. ಅದರ ಕಂಪನಿ 2024ರ ಕೊನೆಗೆ ಸಾಕಣೆಯನ್ನು ನಿಲ್ಲಿಸಿತು. ಭಾರತದಲ್ಲಿ ಯಾವ ಕುಲಾಂತರಿ ಮೀನಿಗೂ ಆಹಾರಕ್ಕಾಗಿ ಸಾಕಲು ಅನುಮತಿಯಿಲ್ಲ. ತಡವೆಂದು ದೂರುವವರುಂಟು, ನನಗೆ ಅದು ಸರಿಯೆಂದೇ ತೋರುತ್ತದೆ. ನಮ್ಮ ರೋಹು ತೊಟ್ಟಿಯ ಮೀನಲ್ಲ, ಕೆರೆಯ ಮೀನು. ಸೇಡಂ ತಾಲ್ಲೂಕಿನ ಆಡಕಿಯ ಕಡೆ ಮಳೆಗಾಲದಲ್ಲಿ ಕೆರೆ ಕೋಡಿ ಹರಿದರೆ ನೀರು ಹಳ್ಳ ಹಿಡಿದು ಕಾಗಿಣಾಕ್ಕೆ, ಅಲ್ಲಿಂದ ಭೀಮೆಗೆ, ಕೊನೆಗೆ ಕೃಷ್ಣೆಗೆ ಸೇರುತ್ತದೆ. ವರ್ಣತಂತುಗಳ ಮೂರು ಗಣಗಳಿರುವಂತೆ ಮಾಡಿ ಮೀನನ್ನು ಬಂಜೆಯಾಗಿಸುವ ಉಪಾಯವಿದೆ. ಆದರೆ ಆ ಚಿಕಿತ್ಸೆಗೆ ಒಳಪಡಿಸಿದ ಮೊಟ್ಟೆಗಳಲ್ಲಿ ಕೆಲವು ತಪ್ಪಿಸಿಕೊಳ್ಳುತ್ತವೆ, ಒಂದು ಹೆಣ್ಣು ರೋಹು ಇಡುವುದು ಲಕ್ಷಗಟ್ಟಲೆ ಮೊಟ್ಟೆ.