ಗಣಕಯಂತ್ರವೂ ಗ್ರಾಹಕನ ನಿಧಾನವೂ

ಒಂದು ವಸ್ತು ಕೆಟ್ಟುಹೋದಾಗ ಅದನ್ನು ಬದಲಿಸುವುದು ಲೋಕರೂಢಿ. ಕೆಡದಿರುವ ವಸ್ತುವನ್ನು, ಅದಕ್ಕಿಂತ ಉತ್ತಮವಾದುದು ಮಾರುಕಟ್ಟೆಗೆ ಬಂದಿದೆ ಎಂಬ ಒಂದೇ ಕಾರಣಕ್ಕಾಗಿ ಬದಲಿಸುವುದು ಇಪ್ಪತ್ತನೆಯ ಶತಮಾನದಲ್ಲಿ ಬಲಗೊಂಡ ಅಭ್ಯಾಸ. ಈ ಅಭ್ಯಾಸಕ್ಕೆ ಗಣಕಯಂತ್ರದಷ್ಟು ಒಳ್ಳೆಯ ನಿದರ್ಶನ ವಿರಳ. ಆದರೂ ಅದೇ ಕ್ಷೇತ್ರದಲ್ಲಿ ಗ್ರಾಹಕನು ಹೊಸದನ್ನು ಕೊಳ್ಳುವ ಕಾರ್ಯವನ್ನು ಮತ್ತೆ ಮತ್ತೆ ಮುಂದೂಡುತ್ತ ಬಂದಿದ್ದಾನೆ. ಉದ್ಯಮಿಗಳು ಇದನ್ನು ಹಿಂಜರಿಕೆ ಎಂದರು. ಅರ್ಥಶಾಸ್ತ್ರಜ್ಞರು ಲೆಕ್ಕಾಚಾರ ಎಂದರು. ಹಿತೈಷಿಗಳು ಮಿತವ್ಯಯವೆಂದು ಹೊಗಳಿದರು. ಈ ಮೂರು ಮಾತುಗಳಲ್ಲಿಯೂ ಸತ್ಯಾಂಶವುಂಟು. ಆದರೆ ನಾಲ್ಕು ದಶಕಗಳ ಇತಿಹಾಸವನ್ನು ಸಾವಧಾನವಾಗಿ ಪರಿಶೀಲಿಸಿದರೆ, ಹೊರನೋಟಕ್ಕೆ ಒಂದೇ ಆಗಿ ತೋರುವ ಈ ನಿಧಾನದ ಹಿಂದೆ ಪರಸ್ಪರ ವಿರುದ್ಧವಾದ ಎರಡು ಮನೋಧರ್ಮಗಳು ಕೆಲಸ ಮಾಡಿರುವುದು ತಿಳಿಯುತ್ತದೆ.

ಈ ಇತಿಹಾಸದ ಮೊದಲ ಪ್ರಸಿದ್ಧ ಪ್ರಕರಣಕ್ಕೆ ದಕ್ಷಿಣ ಭಾರತದ ನಂಟಿದೆ. ಆಡಮ್ ಆಸ್ಬರ್ನ್ (1939–2003) ತನ್ನ ಬಾಲ್ಯದ ಬಹುಭಾಗವನ್ನು ಕಳೆದದ್ದು ತಿರುವಣ್ಣಾಮಲೆಯಲ್ಲಿ. ಅವನ ತಂದೆ ಆರ್ಥರ್ ಆಸ್ಬರ್ನ್ ರಮಣ ಮಹರ್ಷಿಗಳ ಅನುಯಾಯಿ, ಅವರ ಚರಿತ್ರೆಯನ್ನು ಬರೆದ ಲೇಖಕ. ಅರುಣಾಚಲದ ತಪ್ಪಲಿನಲ್ಲಿ ಬೆಳೆದ ಮಗನು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನೆಲೆಸಿ, 1981ರಲ್ಲಿ ‘ಆಸ್ಬರ್ನ್ 1’ ಎಂಬ ಗಣಕಯಂತ್ರವನ್ನು ಮಾರಾಟಕ್ಕೆ ತಂದನು. ಸುಮಾರು ಹನ್ನೊಂದು ಕಿಲೋಗ್ರಾಂ ತೂಕ, ಐದು ಅಂಗುಲದ ಪರದೆ, 64 ಕಿಲೋಬೈಟ್ ಸ್ಮೃತಿ, ಬೆಲೆ 1,795 ಡಾಲರ್. ಬರವಣಿಗೆಗೂ ಲೆಕ್ಕಪತ್ರಕ್ಕೂ ಬೇಕಾದ ತಂತ್ರಾಂಶಗಳನ್ನು ಅದೇ ಬೆಲೆಯೊಳಗೆ ಸೇರಿಸಿ ಕೊಟ್ಟಿದ್ದರಿಂದಲೂ, ಕೈಯಲ್ಲಿ ಹಿಡಿದು ಒಯ್ಯಬಹುದಾದ್ದರಿಂದಲೂ ಅದು ಜನಪ್ರಿಯವಾಯಿತು. ಒಂದು ಹಂತದಲ್ಲಿ ತಿಂಗಳಿಗೆ ಹತ್ತು ಸಾವಿರ ಯಂತ್ರಗಳು ಮಾರಾಟವಾದವು.

1983ರಲ್ಲಿ ಆ ಸಂಸ್ಥೆಯು ಏಳು ಅಂಗುಲದ ಪರದೆಯುಳ್ಳ ‘ಎಕ್ಸಿಕ್ಯೂಟಿವ್’ ಎಂಬ ಮುಂದಿನ ಮಾದರಿಯನ್ನು ಪ್ರಕಟಿಸಿತು. ಹೊಸತು ಬರುವ ಸುದ್ದಿ ತಿಳಿದ ಗ್ರಾಹಕರು ಹಳೆಯದನ್ನು ಕೊಳ್ಳುವುದನ್ನು ನಿಲ್ಲಿಸಿದರು. ಅಂಗಡಿಯವರು ಕೊಟ್ಟ ಬೇಡಿಕೆಗಳನ್ನು ರದ್ದುಪಡಿಸಿದರು. ಗೋದಾಮಿನಲ್ಲಿ ಸರಕು ಉಳಿಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿತು. ಮುಂದಿನ ಮಾದರಿಯ ಘೋಷಣೆಯೇ ಇಂದಿನ ಮಾರಾಟವನ್ನು ಕೊಲ್ಲುವ ಈ ಪರಿಗೆ ‘ಆಸ್ಬರ್ನ್ ಪರಿಣಾಮ’ ಎಂಬ ಹೆಸರೇ ನಿಂತಿತು. ಕೇಪ್ರೊ ಸಂಸ್ಥೆಯ ಒಂಬತ್ತು ಅಂಗುಲ ಪರದೆಯ ಯಂತ್ರವೂ, ಐಬಿಎಂ ಮಾದರಿಗೆ ಹೊಂದುವ ಹೊಸ ಯಂತ್ರಗಳೂ ಒಡ್ಡಿದ ಸ್ಪರ್ಧೆಯನ್ನು ನೆನೆದರೆ, ಪತನಕ್ಕೆ ಒಂದೇ ಕಾರಣವನ್ನು ಹೇಳುವುದು ನ್ಯಾಯವಲ್ಲ. ಆದರೆ ಗ್ರಾಹಕರು ಕಾದದ್ದು ನಿಜ.

ಅವರು ಏಕೆ ಕಾದರು? ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1972ರ ಒಂದು ಪ್ರಬಂಧದಲ್ಲಿ ಇದರ ತರ್ಕವನ್ನು ಮೊದಲೇ ಬಿಡಿಸಿಟ್ಟಿದ್ದನು. ಬಹುಕಾಲ ಬಾಳುವ ವಸ್ತುವಿನ ಬೆಲೆ ನಾಳೆ ಇಳಿಯುತ್ತದೆಂದು ತಿಳಿದ ಗ್ರಾಹಕನು ಇಂದು ಕೊಳ್ಳುವುದಿಲ್ಲ. ಗಣಕಯಂತ್ರದಲ್ಲಿ ಈ ತರ್ಕ ಇಮ್ಮಡಿಯಾಗುತ್ತದೆ, ಏಕೆಂದರೆ ಅಲ್ಲಿ ನಾಳೆಯ ವಸ್ತು ಅಗ್ಗವೂ ಹೌದು, ಸಮರ್ಥವೂ ಹೌದು. 1983ರ ಗ್ರಾಹಕನು ಕೊಳ್ಳಲಿಲ್ಲ. ಆದರೆ ಅವನಲ್ಲಿ ತೃಪ್ತಿಯೂ ಇರಲಿಲ್ಲ. ಇಲ್ಲದ ವಸ್ತುವಿನ ಮೇಲೆ ಅವನ ಮನಸ್ಸು ಆಗಲೇ ನೆಟ್ಟಿತ್ತು. ಪರಿಗ್ರಹವಿರುವುದು ವಸ್ತುವಿನಲ್ಲಲ್ಲ, ಅದರ ಮೇಲಿನ ಮೂರ್ಛೆಯಲ್ಲಿ ಎಂಬ ವಿವೇಕವನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕೈ ಬರಿದಾಗಿದ್ದ ಮಾತ್ರಕ್ಕೆ ಮನಸ್ಸು ಬರಿದಾಗಿದೆ ಎಂದು ಹೇಳಲಾಗದು. ಇದು ನಿಧಾನದ ಮೊದಲ ಬಗೆ. ಆಸೆಯಿಂದ ಹುಟ್ಟಿದ ನಿಧಾನ.

1981ರ ಆಗಸ್ಟ್‌ನಲ್ಲಿ ಐಬಿಎಂ ಸಂಸ್ಥೆಯ ವೈಯಕ್ತಿಕ ಗಣಕವು ಬಂದ ಮೇಲಿನ ಎರಡು ದಶಕಗಳಲ್ಲಿ ಹೀಗೆ ಕಾಯುವುದಕ್ಕೂ ಅವಕಾಶ ಕಡಿಮೆಯಾಯಿತು. ಚಿಪ್ಪಿನ ಮೇಲಿನ ಘಟಕಗಳ ಸಂಖ್ಯೆ ನಿಯತ ಕಾಲಕ್ಕೆ ಇಮ್ಮಡಿಸುತ್ತದೆಂದು ಗಾರ್ಡನ್ ಮೂರ್ 1965ರಲ್ಲಿ ಹೇಳಿದ್ದ ಮಾತು ವರ್ಷವರ್ಷವೂ ನಿಜವಾಗುತ್ತಿತ್ತು. 1981ರ ಐಬಿಎಂ ಯಂತ್ರದ ವೇಗ 4.77 ಮೆಗಾಹರ್ಟ್ಜ್, 2000ದ ಹೊತ್ತಿಗೆ ಅದು ಸಾವಿರ ಮೆಗಾಹರ್ಟ್ಜ್ ದಾಟಿತ್ತು. ಹಳೆಯ ಯಂತ್ರವನ್ನು ಹೊಸದರ ಪಕ್ಕದಲ್ಲಿ ಇಟ್ಟಾಗ ಅಂತರವು ಯಾರ ಕಣ್ಣಿಗಾದರೂ ಕಾಣುವಷ್ಟಿತ್ತು. ಅದರೊಡನೆ ತಂತ್ರಾಂಶವೂ ದಪ್ಪವಾಗುತ್ತ ಹೋಯಿತು. 1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95 ಕನಿಷ್ಠ ನಾಲ್ಕು ಮೆಗಾಬೈಟ್ ಸ್ಮೃತಿಯನ್ನು ಕೇಳಿತು. ಸರಾಗವಾಗಿ ನಡೆಯಲು ಎಂಟು ಬೇಕೆಂದು ತಯಾರಕರೇ ಸೂಚಿಸಿದರು. ಅದೇ ವರ್ಷದ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡಿನ ಗಣಕ ವಿಜ್ಞಾನಿ ನಿಕ್ಲಾಸ್ ವಿರ್ತ್ ಒಂದು ಲೇಖನದಲ್ಲಿ, ಯಂತ್ರವು ವೇಗವಾಗುವುದಕ್ಕಿಂತ ಶೀಘ್ರವಾಗಿ ತಂತ್ರಾಂಶವು ಮಂದವಾಗುತ್ತಿದೆ ಎಂದು ಎಚ್ಚರಿಸಿದನು. ಯಂತ್ರವು ಗಳಿಸಿದ್ದನ್ನು ತಂತ್ರಾಂಶವು ಕಳೆಯುತ್ತಿತ್ತು. ಈ ಕಾಲದ ಗ್ರಾಹಕನು ಯಂತ್ರ ಬದಲಿಸಿದ್ದು ಕೇವಲ ಆಸೆಯಿಂದಲ್ಲ. ಬದಲಿಸದಿದ್ದರೆ ನಿತ್ಯದ ಕೆಲಸವೇ ನಿಲ್ಲುತ್ತಿತ್ತು.

ಭಾರತದಲ್ಲಿ ಇದಕ್ಕೆ ಒಂದು ನಡುದಾರಿ ಕಂಡುಕೊಳ್ಳಲಾಯಿತು. ಇಡೀ ಯಂತ್ರವನ್ನು ಬದಲಿಸದೆ, ಕೊರತೆಯಿರುವ ಭಾಗವನ್ನು ಮಾತ್ರ ಬದಲಿಸುವುದು ಆ ದಾರಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗಗಳನ್ನು ಕೊಂಡು ಜೋಡಿಸಿದ ಗಣಕಗಳು ಮನೆಗಳಿಗೂ ಸಣ್ಣ ಕಚೇರಿಗಳಿಗೂ ಹೋದವು. ಸ್ಮೃತಿ ಸಾಲದಿದ್ದರೆ ಸ್ಮೃತಿ, ಹಾರ್ಡ್ ಡಿಸ್ಕ್ ತುಂಬಿದರೆ ಇನ್ನೊಂದು ಡಿಸ್ಕ್. ಪೆಟ್ಟಿಗೆ, ಕೀಲಿಮಣೆ, ಪರದೆ ಹಳೆಯವೇ. ದುರಸ್ತಿಯನ್ನು ನಂಬಿದ ಸಮಾಜಕ್ಕೆ ಇದು ಸಹಜವಾಗಿತ್ತು.

ನಿಧಾನಕ್ಕೆ ಇನ್ನೊಂದು ಕಾರಣವನ್ನು ಕನ್ನಡದ ಮುದ್ರಣಾಲಯಗಳಲ್ಲಿಯೂ ಡಿಟಿಪಿ ಕೇಂದ್ರಗಳಲ್ಲಿಯೂ ಕಾಣಬಹುದು. ಅಲ್ಲಿ ಬಹುಕಾಲ ಪುಟಗಳು ಸಿದ್ಧವಾದದ್ದು ಪೇಜ್‌ಮೇಕರ್ ತಂತ್ರಾಂಶದಲ್ಲಿ, ಯೂನಿಕೋಡ್ ಅಲ್ಲದ ಅಕ್ಷರಶೈಲಿಗಳಲ್ಲಿ. 2001ರಲ್ಲಿ ಬಂದ ಏಳನೆಯ ಆವೃತ್ತಿಯೇ ಪೇಜ್‌ಮೇಕರಿನ ಕೊನೆಯ ಆವೃತ್ತಿಯಾಯಿತು. ಹೊಸ ಯಂತ್ರಕ್ಕೆ ಹೋದರೆ ಹಳೆಯ ಕಡತಗಳ ಅಕ್ಷರಗಳು ಚೆದುರುವ ಭಯ, ಒತ್ತಕ್ಷರಗಳು ಕೆಡುವ ಭಯ, ಬೆರಳಿಗೆ ಒಗ್ಗಿದ ಕೀಲಿವಿನ್ಯಾಸವನ್ನು ಮತ್ತೆ ಕಲಿಯುವ ಶ್ರಮ. ಯಂತ್ರದ ಬೆಲೆ ಅಂಗಡಿಯ ರಸೀತಿಯಲ್ಲಿ ಬರುತ್ತದೆ. ಈ ಬೆಲೆ ಯಾವ ರಸೀತಿಯಲ್ಲಿಯೂ ಬರುವುದಿಲ್ಲ. ವರ್ಷಗಳ ದುಡಿಮೆಯು ಯಂತ್ರದೊಳಗೆ ಕುಳಿತಿರುವಾಗ ಅದನ್ನು ಬಿಡಲು ಹಿಂಜರಿಯುವವನನ್ನು ಹಳೆಗಾಲದವನೆಂದು ಹಳಿಯುವುದು ಸರಿಯಲ್ಲ.

2004ರ ವೇಳೆಗೆ ಇತಿಹಾಸವು ತಿರುವು ಪಡೆಯಿತು. ಚಿಪ್ಪಿನ ವೇಗ ಹೆಚ್ಚಿಸಿದಷ್ಟೂ ಶಾಖ ತಡೆಯಲಾರದಷ್ಟು ಏರುತ್ತಿತ್ತು. ನಾಲ್ಕು ಗಿಗಾಹರ್ಟ್ಜ್ ವೇಗದ ಪೆಂಟಿಯಂ 4 ಚಿಪ್ಪನ್ನು ತರುವ ಯೋಜನೆಯನ್ನು ಇಂಟೆಲ್ ಸಂಸ್ಥೆಯು ಆ ವರ್ಷ ಕೈಬಿಟ್ಟಿತು. ಅನಂತರ ಒಂದೇ ಚಿಪ್ಪಿನಲ್ಲಿ ಎರಡು, ನಾಲ್ಕು ಸಂಸ್ಕರಣ ಘಟಕಗಳನ್ನು ಇಡುವ ಮಾರ್ಗ ಹಿಡಿಯಲಾಯಿತು. ಪತ್ರ ಬರೆಯುವವನಿಗೆ, ಲೆಕ್ಕ ಇಡುವವನಿಗೆ ಇದರಿಂದ ಆದ ಲಾಭ ಅಲ್ಪ. 2001ರ ವಿಂಡೋಸ್ ಎಕ್ಸ್‌ಪಿಯನ್ನು ಜನ ಬಿಡಲಿಲ್ಲ. 2007ರಲ್ಲಿ ಬಂದ ವಿಸ್ತಾವನ್ನು ಅನೇಕರು ದಾಟಿಹೋದರು. ವೈಯಕ್ತಿಕ ಗಣಕಗಳ ಜಾಗತಿಕ ಮಾರಾಟ 2011ರಲ್ಲಿ ಸುಮಾರು 36 ಕೋಟಿಗೆ ಏರಿ, 2016ರ ವೇಳೆಗೆ 26–27 ಕೋಟಿಗೆ ಇಳಿಯಿತು. ಇಳಿತಕ್ಕೆ ಕೈಫೋನುಗಳೂ ಕಾರಣವಾಗಿದ್ದವು. ಆದರೆ ನಾಲ್ಕು ವರ್ಷಕ್ಕೊಮ್ಮೆ ಯಂತ್ರ ಬದಲಿಸುತ್ತಿದ್ದವರು ಐದಾರು ವರ್ಷಕ್ಕೊಮ್ಮೆ ಬದಲಿಸುತ್ತಿದ್ದಾರೆಂದು 2016ರಲ್ಲಿ ಇಂಟೆಲ್ ಮುಖ್ಯಸ್ಥ ಬ್ರಯಾನ್ ಕ್ರ್ಜಾನಿಚ್ ತಾನೇ ಹೇಳಿದನು. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಏಳೆಂಟು ವರ್ಷದ ಯಂತ್ರವೂ ಚುರುಕಾಗುತ್ತದೆ ಎಂಬುದನ್ನು ಜನ ಅನುಭವದಿಂದ ಕಂಡುಕೊಂಡರು.

ಇದು ನಿಧಾನದ ಎರಡನೆಯ ಬಗೆ. 1983ರ ಗ್ರಾಹಕನು ಇನ್ನೂ ಉತ್ತಮವಾದುದು ಬರಲಿದೆ ಎಂದು ಕಾದನು. ಈ ಗ್ರಾಹಕನು ಇರುವುದು ಸಾಕು ಎಂದು ನಿಂತನು. ಮಾರಾಟದ ಅಂಕಿ-ಅಂಶಗಳಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ಕಾಣುತ್ತಾರೆ, ಕೊಳ್ಳದವರು ಎಂದು. ಆದರೆ ಒಬ್ಬನ ಮನಸ್ಸು ವಸ್ತುವಿನ ಹಿಂದೆ ಓಡಿದೆ, ಇನ್ನೊಬ್ಬನದು ಕೆಲಸದಲ್ಲಿ ನೆಲೆಸಿದೆ.

ಈ ‘ಸಾಕು’ ಎಂಬುದಕ್ಕೆ ಕಿಸೆಯ ಉಳಿತಾಯಕ್ಕಿಂತ ದೊಡ್ಡ ಫಲವಿದೆ. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಅಧ್ಯಯನವೊಂದು 2004ರಲ್ಲಿ ತಿಳಿಸಿದಂತೆ, ಹದಿನೇಳು ಅಂಗುಲದ ಪರದೆಯುಳ್ಳ ಒಂದು ಮೇಜುಗಣಕವನ್ನು ತಯಾರಿಸಲು ಕನಿಷ್ಠ 240 ಕಿಲೋಗ್ರಾಂ ಪಳೆಯುಳಿಕೆ ಇಂಧನ, 22 ಕಿಲೋಗ್ರಾಂ ರಾಸಾಯನಿಕಗಳು, 1,500 ಕಿಲೋಗ್ರಾಂ ನೀರು ವೆಚ್ಚವಾಗುತ್ತಿದ್ದವು. ಯಂತ್ರವು ತನ್ನ ಬಾಳಿನಲ್ಲಿ ಉಪಯೋಗಿಸುವ ಶಕ್ತಿಗಿಂತ ಅದರ ಹುಟ್ಟಿಗೆ ಬೇಕಾದ ಶಕ್ತಿಯೇ ಹೆಚ್ಚು ಎಂಬುದು ಆ ಅಧ್ಯಯನದ ಮುಖ್ಯ ಅಂಶ. ಆದ್ದರಿಂದ ವಿದ್ಯುತ್ ಉಳಿಸುವ ಹೊಸ ಯಂತ್ರವನ್ನು ಕೊಂಡು ಹಳೆಯದನ್ನು ಎಸೆಯುವುದು ಅನೇಕ ವೇಳೆ ಉಳಿತಾಯದ ವೇಷದಲ್ಲಿರುವ ವ್ಯಯ. ಎಸೆದದ್ದರ ಗತಿಯೂ ಚಿಂತನೀಯ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಹುಟ್ಟಿತೆಂದೂ, ಕ್ರಮಬದ್ಧವಾಗಿ ಸಂಗ್ರಹಗೊಂಡು ಮರುಬಳಕೆಗೆ ಹೋದದ್ದು ಅದರ ನಾಲ್ಕನೆಯ ಒಂದು ಭಾಗಕ್ಕಿಂತಲೂ ಕಡಿಮೆ ಎಂದೂ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಉಳಿದುದರಲ್ಲಿ ಬಹಳಷ್ಟು ಬಡವರ ಬೀದಿಗಳಲ್ಲಿ ಬೆಂಕಿಗೂ ಆಮ್ಲಕ್ಕೂ ಬೀಳುತ್ತದೆ. ಸೀಸದ ಹೊಗೆಯನ್ನು ಉಸಿರಾಡುವವರು ಆ ಯಂತ್ರವನ್ನು ಒಂದು ದಿನವೂ ಬಳಸಿದವರಲ್ಲ. ಬೆಂಗಳೂರಿನ ಸಮೀಪ ದಾಬಸ್‌ಪೇಟೆಯಲ್ಲಿ 2005ರಲ್ಲಿ ಆರಂಭವಾದ ‘ಇ-ಪರಿಸರ’ ದೇಶದ ಮೊದಮೊದಲ ಅಧಿಕೃತ ವಿಲೇವಾರಿ ಘಟಕಗಳಲ್ಲಿ ಒಂದು. 2011ರಲ್ಲಿ ರೂಪುಗೊಂಡ ಇ-ತ್ಯಾಜ್ಯ ನಿಯಮಗಳು 2012ರ ಮೇ 1ರಿಂದ ಜಾರಿಗೆ ಬಂದವು. ಘಟಕವಿದ್ದರೂ ನಿಯಮವಿದ್ದರೂ, ಗುಜರಿಗೆ ಹಾಕುವ ಕೈ ಗೃಹಸ್ಥನದೇ.

ಹೀಗೆಂದು ಎಲ್ಲ ನಿಧಾನವನ್ನೂ ಸದ್ಗುಣವೆಂದು ಎಣಿಸಲಾಗದು. 2017ರ ಮೇ 12ರಂದು ‘ವಾನಾಕ್ರೈ’ ಎಂಬ ಕುತಂತ್ರಾಂಶವು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳನ್ನು ಬಂಧಿಸಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ಮುಂದೂಡಲ್ಪಟ್ಟವು. ಅದು ನುಗ್ಗಿದ ದೋಷಕ್ಕೆ ಎರಡು ತಿಂಗಳ ಮುಂಚೆಯೇ, ಮಾರ್ಚ್ 14ರಂದು, ಪರಿಹಾರ ಬಿಡುಗಡೆಯಾಗಿತ್ತು. ಅದನ್ನು ಅಳವಡಿಸಿಕೊಳ್ಳಲು ಬಹುಪಾಲು ಯಂತ್ರಗಳಿಗೆ ಹೊಸ ಖರ್ಚೇ ಬೇಕಿರಲಿಲ್ಲ, ಗಮನವೊಂದು ಬೇಕಿತ್ತು. ಕೊಳ್ಳುವುದರಲ್ಲಿ ನಿಧಾನಿಸುವುದು ಬೇರೆ, ಕಾಪಾಡುವುದರಲ್ಲಿ ನಿಧಾನಿಸುವುದು ಬೇರೆ. ಮೊದಲನೆಯದು ಸಂಯಮವಾಗಬಹುದು, ಎರಡನೆಯದು ಪ್ರಮಾದ, ಅದರ ಫಲವನ್ನು ಉಣ್ಣುವವರು ಇತರರು.

ಈ ವ್ಯತ್ಯಾಸವು ತೀಕ್ಷ್ಣವಾಗಿ ಎದುರಾದದ್ದು 2025ರ ಅಕ್ಟೋಬರ್ 14ರಂದು. ಅಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ರಕ್ಷಣಾ ಪರಿಷ್ಕರಣೆಗಳನ್ನು ನಿಲ್ಲಿಸಿತು. 2021ರಲ್ಲಿ ಬಂದ ವಿಂಡೋಸ್ 11 ನಿರ್ದಿಷ್ಟ ರಕ್ಷಣಾ ಚಿಪ್ಪನ್ನೂ ಹೊಸ ತಲೆಮಾರಿನ ಪ್ರೊಸೆಸರನ್ನೂ ಕೇಳುವುದರಿಂದ, 2017ಕ್ಕಿಂತ ಹಿಂದಿನ ಸುಸ್ಥಿತಿಯ ಯಂತ್ರಗಳಲ್ಲಿ ಬಹುತೇಕ ಎಲ್ಲವೂ ಅಧಿಕೃತವಾಗಿ ಅನರ್ಹವಾದವು. ಇದರಿಂದ 24 ಕೋಟಿ ಗಣಕಗಳು ತ್ಯಾಜ್ಯವಾಗಬಹುದೆಂದು ಕೆನಾಲಿಸ್ ಎಂಬ ಸಮೀಕ್ಷಾ ಸಂಸ್ಥೆಯು 2023ರಲ್ಲಿಯೇ ಅಂದಾಜು ಮಾಡಿತ್ತು. ಗೃಹಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ, ಶುಲ್ಕ ತೆತ್ತು ಅಥವಾ ಕೆಲವು ಷರತ್ತುಗಳ ಮೇಲೆ ಉಚಿತವಾಗಿ, ರಕ್ಷಣೆಯ ವಿಸ್ತರಣೆ ದೊರೆಯಿತು. ಲಿನಕ್ಸ್‌ನಂತಹ ಮುಕ್ತ ತಂತ್ರಾಂಶವನ್ನು ಹಾಕಿ ಹಳೆಯ ಯಂತ್ರವನ್ನು ಸುರಕ್ಷಿತವಾಗಿ ನಡೆಸುವ ಮಾರ್ಗವೂ ಇದೆ. ಆದರೆ ಅದಕ್ಕೆ ಕಲಿಯುವ ತಾಳ್ಮೆ ಬೇಕು. ಹಿಂದೆ ಗ್ರಾಹಕನ ಆಸೆ ಯಂತ್ರವನ್ನು ಹಳತಾಗಿಸುತ್ತಿತ್ತು. ಈಗ ಅವನು ‘ಸಾಕು’ ಎಂದರೂ ದೂರದ ತೀರ್ಮಾನವೊಂದು ಅದನ್ನು ಹಳತಾಗಿಸಬಲ್ಲದು.

ಮನೆಯ ಯಜಮಾನನಾಗಲಿ, ಬಸದಿಯ ಆಡಳಿತ ಮಂಡಳಿಯಾಗಲಿ, ಯಂತ್ರ ಬದಲಿಸುವ ಮಾತು ಬಂದಾಗ ಈ ಇತಿಹಾಸದಿಂದ ಮೂರು ಪ್ರಶ್ನೆಗಳನ್ನು ಎತ್ತಿಕೊಳ್ಳಬಹುದು. ಇರುವ ಯಂತ್ರದಿಂದ ಆಗದೆ ನಿಂತ ಕೆಲಸ ಯಾವುದು? ಒಂದು ಭಾಗವನ್ನು ಬದಲಿಸಿದರೆ ಆ ಕೆಲಸ ನಡೆಯುವುದೇ? ಅದರೊಳಗಿರುವ ಕಡತಗಳಿಗೆ, ದಾನಿಗಳ ವಿವರಗಳಿಗೆ, ಹುಂಡಿಯ ಲೆಕ್ಕಕ್ಕೆ ರಕ್ಷಣೆಯೂ ಪ್ರತಿಯೂ ಇದೆಯೇ? ಮೂರನೆಯದಕ್ಕೆ ಉತ್ತರ ‘ಇಲ್ಲ’ ಎಂದಾದರೆ ನಿಧಾನಕ್ಕೆ ಸಮರ್ಥನೆಯಿಲ್ಲ. ಪರರ ವಿಶ್ವಾಸವನ್ನು ಕಾಯುವುದು ಮಿತವ್ಯಯಕ್ಕಿಂತ ಮೊದಲ ಕರ್ತವ್ಯ. ಆ ರಕ್ಷಣೆಯಿದ್ದು, ಮೊದಲ ಪ್ರಶ್ನೆಗೆ ಉತ್ತರವೇ ಹೊಳೆಯದಿದ್ದರೆ, ಹಳೆಯ ಯಂತ್ರದ ಧೂಳು ಒರೆಸಿ ಮುಂದಿನ ವರ್ಷದ ಲೆಕ್ಕವನ್ನೂ ಅದರಲ್ಲಿಯೇ ಬರೆಯಬಹುದು.