ಉಡುಪಿ ರಥಬೀದಿಯ ಕ್ಯಾಸೆಟ್: ಅದು ಯಾವ ಕಾಲದ ಸಾಕ್ಷಿ?

ಪುಣೆ, ಚೆನ್ನೈ, ಹೈದರಾಬಾದ್, ನೀವು ಎಲ್ಲೇ ಇರಿ, ಊರಿನ ಮನೆಯ ಕಪಾಟಿನಲ್ಲಿ ಉಡುಪಿ ಕೃಷ್ಣನ ಹಾಡುಗಳ ಕ್ಯಾಸೆಟ್ ಒಂದಾದರೂ ಇದ್ದೀತು. ಮಠದ ದರ್ಶನ ಮುಗಿಸಿ, ರಥಬೀದಿಯ ಅಂಗಡಿಯಲ್ಲಿ ಪ್ರಸಾದದ ಜೊತೆ ತಂದದ್ದು. ಇವತ್ತು ಮಾತಾಡೋದು ಅದರ ಬಗ್ಗೆ.

ಉಡುಪಿಯ ಐತಿಹ್ಯ ಶುರುವಾಗೋದು ಮಲ್ಪೆಯ ಕಡಲಲ್ಲಿ. 13ನೇ ಶತಮಾನ; ದ್ವಾರಕೆಯಿಂದ ಬರುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕಿತು. ಮಧ್ವಾಚಾರ್ಯರು ದಡದಿಂದ ವಸ್ತ್ರ ಬೀಸಿ ಅದನ್ನು ಪಾರುಮಾಡಿದರು. ಪ್ರತಿಯಾಗಿ ಕೇಳಿದ ಗೋಪೀಚಂದನದ ಗಡ್ಡೆಯೊಳಗೆ ವಿಗ್ರಹ ಸಿಕ್ಕಿತು. ಬಲರಾಮ ಮಲ್ಪೆ ಬಳಿಯ ವಡಭಾಂಡೇಶ್ವರದಲ್ಲೇ ಉಳಿದ, ಕೃಷ್ಣ ಉಡುಪಿಗೆ ಬಂದ. ಮುಂದೆ ಕನಕದಾಸರಿಗಾಗಿ ದೇವರು ಪಶ್ಚಿಮಕ್ಕೆ ತಿರುಗಿದ ಕಥೆ ಸೇರಿಕೊಂಡಿತು.

ಇಷ್ಟು ಕಥೆಯನ್ನ 78 ಆರ್‌ಪಿಎಂ ತಟ್ಟೆಯಲ್ಲಿ ಹೇಳೋಕೆ ಆಗ್ತಿರಲಿಲ್ಲ. ಒಂದು ಬದಿಗೆ ಸುಮಾರು 3 ನಿಮಿಷ. ಉದ್ದದ ಕೀರ್ತನೆಯ ಚರಣಗಳನ್ನೇ ಬಿಡಬೇಕಿತ್ತು. ಫಿಲಿಪ್ಸ್ 1963ರಲ್ಲಿ ತಂದ ಕ್ಯಾಸೆಟ್ ಲೆಕ್ಕ ಬದಲಿಸಿತು. ಸಿ-60 ಅಂದ್ರೆ ಬದಿಗೆ 30 ನಿಮಿಷ. ಹಾಡು, ನಡುವೆ ಮಾತು, ಮತ್ತೆ ಹಾಡು, ಎಲ್ಲಕ್ಕೂ ಜಾಗ. ತಟ್ಟೆ ಅಚ್ಚು ಹಾಕೋ ಕಾರ್ಖಾನೆಯೂ ಬೇಡ. 1980ರ ದಶಕದಲ್ಲಿ ಕ್ಯಾಸೆಟ್ ಅಗ್ಗವಾದಾಗ ಸಣ್ಣ ಊರಿನ ಗಾಯಕರೂ ಅಂಗಡಿ ಕಪಾಟಿಗೆ ಬಂದರು. ಸುಬ್ರಹ್ಮಣ್ಯ ಮಠದ ಯತಿಗಳಾಗಿದ್ದ ವಿದ್ಯಾಭೂಷಣರ ದನಿ ಮನೆಮನೆ ಸೇರಿದ್ದು ಈ ಕ್ಯಾಸೆಟ್‌ಗಳಿಂದಲೇ.

ಹಾಗಾದರೆ ಇದು ಇತಿಹಾಸವಾ? ಮಧ್ವರ ಕಾಲಕ್ಕೆ ಇದು ಸಾಕ್ಷಿ ಅಲ್ಲ. ಆದರೆ ನಮ್ಮ ಅಪ್ಪ-ಅಮ್ಮನ ಕಾಲಕ್ಕೆ ಹೌದು. ಉಡುಪಿ ಅಂದ್ರೆ ಏನು ಅಂತ ಆಗಿನ ಯಾತ್ರಿಕ ಹೇಗೆ ಕೇಳಿಸಿಕೊಂಡ, ಯಾವ ಕಥೆ ಮೊದಲು ಬಂತು, ಹಾರ್ಮೋನಿಯಂ ಇತ್ತಾ ಕೀಬೋರ್ಡಾ, ಮಾತಿನಲ್ಲಿ ಕರಾವಳಿಯ ಧಾಟಿ ಉಳಿದಿತ್ತಾ, ಇವೆಲ್ಲ ಆ ಟೇಪಿನಲ್ಲಿವೆ. ದೊಡ್ಡ ಕಂಪನಿಗಳ ಹಾಡು ಯೂಟ್ಯೂಬಿಗೆ ಬಂದಿವೆ. ಸಣ್ಣ ಲೇಬಲ್‌ನ ಕ್ಯಾಸೆಟ್‌ಗೆ ನಿಮ್ಮ ಮನೆಯದ್ದೇ ಕೊನೆಯ ಪ್ರತಿ ಆಗಿರಬಹುದು.

ಕರಾವಳಿಯ ತೇವಕ್ಕೆ ಟೇಪು ಬೂಷ್ಟು ಹಿಡಿಯುತ್ತೆ. ಬಿಳಿ ಚುಕ್ಕೆ ಕಂಡರೆ ಪ್ಲೇಯರ್‌ಗೆ ಹಾಕಬೇಡಿ, ತಿಳಿದವರ ಹತ್ತಿರ ಶುಚಿ ಮಾಡಿಸಿ. ಚೆನ್ನಾಗಿದ್ದರೆ ಎರಡೂ ಬದಿ ಪೂರ್ತಿ, ಎಂಪಿ3 ಬದಲು ವೇವ್ ಫೈಲ್ ಆಗಿ ಉಳಿಸಿ. ಒಳಗಿನ ಕಾಗದದ ಫೋಟೋ ಮರೆಯಬೇಡಿ: ತಬಲಾ ನುಡಿಸಿದವರ ಹೆಸರು ಬೇರೆಲ್ಲೂ ಇಲ್ಲದೇ ಇರಬಹುದು. ಮುಂದಿನ ರಜೆಗೆ ಊರಿಗೆ ಹೋದಾಗ ಈ ಕೆಲಸಕ್ಕೆ ಒಂದು ಮಧ್ಯಾಹ್ನ ಸಾಕು.